ಆಪಾ ಕೊಟ್ಟ ಅರಗಿನ ಕೋಲು

ಕಳೆದ ವಾರ ಬೀರು ಜಾಡಿಸುವಾಗ ಸೀರೆಗಳ ಅಡಿಯಲ್ಲಿ ಗೇಣುದ್ದದ ಮರದ ಕೋಲು ಸಿಕ್ಕಿತು. ಅಂಗೈಯಲ್ಲಿ ಉಜ್ಜಿದೆ. ಅರಗಿನ ಸಣ್ಣ ವಾಸನೆ... ಚನ್ನಪಟ್ಟಣದ ನಮ್ಮ ಪಕ್ಕದ ಮನೆಯ, ಬೀದಿಗೆಲ್ಲ ಅಕ್ಕನಂತಿದ್ದ ಆಪಾ ಬಂದು ಎದುರಿಗೆ ಕೂತಂತಾಯಿತು.

ಆಪಾ ಮರ ತಿರುಗಿಸುವ ಮೆಷಿನ್ನಿನಲ್ಲಿ ಗೊಂಬೆ ಕಡೆದು, ಅರಗಿನ ಬಣ್ಣ ಹಾಕುತ್ತಿದ್ದರು. ವಯಸ್ಸು ಐವತ್ತರ ಹತ್ತಿರ ಬಂದಾಗ ಬಲಗೈ ನಡುಗತೊಡಗಿತು. ಮೆಷಿನ್ನಿನ ಅದುರಾಟ ಕೈಗೆ ಹತ್ತಿದೆ ಎಂದು ಇಡೀ ಬೀದಿ ತೀರ್ಪು ಕೊಟ್ಟಿತು, ನಾನೂ ಸೇರಿ. ಮೂರು ತಿಂಗಳು ಮೆಷಿನ್ ನಿಲ್ಲಿಸಿದರೂ ಕೈ ನಿಲ್ಲಲಿಲ್ಲ. ಪಾರ್ಕಿನ್ಸನ್ ಕಾಯಿಲೆ ಎಂದರು ಆಸ್ಪತ್ರೆಯ ಡಾಕ್ಟರಮ್ಮ. ಅದೇ ಹೊತ್ತಿಗೆ ಮುಟ್ಟು ನಿಲ್ಲುವ ಕಾಲವೂ ಬಂತು. ಮೈಯೆಲ್ಲ ಬಿಸಿ, ಬೆವರು, ನಿದ್ದೆಯಿಲ್ಲ. ಹಾರ್ಮೋನ್ ಮಾತ್ರೆ ನುಂಗಿದರೆ ನಡುಕ, ಬಿಸಿ ಎರಡೂ ಹೋಗುತ್ತವೆಂದು ಯಾರೋ ಅಂದದ್ದನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ನಾನು ಮೊದಲಿಂದಲೂ ಹಠಮಾರಿ.

ದಿನದ ಕಷ್ಟ ಬರೆದು ತನ್ನಿ ಎಂದಿದ್ದರು ಡಾಕ್ಟರಮ್ಮ. ಆಪಾ ಬರೆದರೆ ಅಕ್ಷರ ಬರಬರುತ್ತಾ ಇರುವೆಯಷ್ಟಾಗುತ್ತಿತ್ತು. ಅದಕ್ಕೇ ಮೆಷಿನ್ನಿಗೆ ಕೋಲು ಸಿಕ್ಕಿಸಿ, ಅದು ತಿರುಗುವಾಗ ಎಡಗೈಯಲ್ಲಿ ಬಣ್ಣದ ಅರಗು ಒತ್ತಿ, ಕೋಲಿನ ಸುತ್ತ ದಿನಕ್ಕೊಂದು ಬಳೆಯಂಥ ಗೆರೆ ಹಾಕಿದರು. ಕೈ ನಡುಕ ಹೆಚ್ಚಿದರೆ ಕೆಂಪು, ಬಿಸಿಯೇರಿದರೆ ಹಳದಿ, ನೆಮ್ಮದಿಯ ದಿನ ಹಸಿರು. ಹಸಿರು ಮೂರೇ ಇದ್ದವು.

ಆಪಾ ಜೊತೆ ನಾನೂ ಹೋಗಿದ್ದೆ. ಡಾಕ್ಟರಮ್ಮ ಕೋಲನ್ನು ತಿರುಗಿಸಿ ತಿರುಗಿಸಿ ನೋಡಿದರು. "ಹಾರ್ಮೋನ್ ಮಾತ್ರೆಯಿಂದ ಬಿಸಿ, ಬೆವರು ತಗ್ಗಬಹುದು. ನಡುಕಕ್ಕೆ ಅದು ಔಷಧಿಯಲ್ಲ. ಮೊದಲು ಯಾವಾಗಲಾದ್ರೂ ರಕ್ತ ಹೆಪ್ಪುಗಟ್ಟಿತ್ತಾ? ಹಾಗಿದ್ರೆ ಈ ಮಾತ್ರೆ ಅಪಾಯ" ಎಂದರು. ಮಾತ್ರೆ ಸಿಗದೆ ಬಂದ ಕೆಲಸ ಕೆಟ್ಟೀತೆಂದು, ಗೊತ್ತಿದ್ದೂ ನಾನೇ ಬಾಯಿ ಹಾಕಿ ಅಂಥದ್ದೇನಿಲ್ಲ ಅಂದುಬಿಟ್ಟೆ.

ಆಪಾ ನನ್ನ ಕೈ ಒತ್ತಿದರು. "ಸುಮ್ಕಿರು ಕಣವ್ವ. ಎರಡನೇ ಬಾಣಂತನದಾಗೆ ಕಾಲು ಊದ್ಕೊಂಡು, ರಕ್ತ ಗಟ್ಟಿ ಆಗೈತೆ ಅಂದಿದ್ರು. ಮುಚ್ಚಿಟ್ಟು ಮಾತ್ರೆ ನುಂಗಿದ್ರೆ ಸಾಯೋಳು ನಾನು, ನೀನಲ್ಲ."

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅಪಾಯವನ್ನೆಲ್ಲ ಬಿಡಿಸಿ ಕೇಳಿಕೊಂಡು, ಆ ಮಾತ್ರೆ ಬೇಡವೆಂದು ಆಪಾ ತಾವೇ ತೀರ್ಮಾನಿಸಿದರು. ನಡುಕದ ಮಾತ್ರೆಯ ಹೊತ್ತು ಬದಲಾಯಿತು, ಬಿಸಿಗೆ ಬೇರೆ ಔಷಧಿ ಬಂತು. ಮುಂದಿನ ಕೋಲಿನಲ್ಲಿ ಹಸಿರು ಹೆಚ್ಚಿತ್ತು... ಹಳೆಯದನ್ನು "ನಿಂಗೂ ಈ ವಯಸ್ಸು ಬತ್ತದೆ, ನಿನ್ನತ್ರಾನೇ ಮಡಿಕ್ಕೊ" ಎಂದು ನನ್ನ ಕೈಗಿಟ್ಟರು. ನನ್ನ ಹಠದಿಂದ ತಮ್ಮನ್ನೂ ನನ್ನನ್ನೂ ಉಳಿಸಿದ ಆ ಉಪಕಾರವನ್ನು ಮರೆಯಲಾರೆ.

ಆ ವಯಸ್ಸು ಈಗ ಬಂದಿದೆ. ಮೊನ್ನೆ ಅದೇ ಹಾರ್ಮೋನ್ ಮಾತ್ರೆ ಕೇಳಲು ಆಸ್ಪತ್ರೆಗೆ ಹೋದೆ, ಕೋಲು ಚೀಲದಲ್ಲಿತ್ತು. ಮನೆಯಲ್ಲಿ ಯಾರಿಗಾದರೂ ಎದೆಯಲ್ಲಿ ಗಂಟು, ಕ್ಯಾನ್ಸರ್ ಆಗಿತ್ತೇ ಎಂದು ಡಾಕ್ಟರು ಕೇಳಿದರು. ನಮ್ಮವರು ಯಾರೂ ಬಾಯಿಬಿಡದ ಅವ್ವನ ಕಾಯಿಲೆಯನ್ನು ಪೂರ್ತಿ ಹೇಳಿದೆ.

ಆಸ್ಪತ್ರೆಯಿಂದ ಊರಿಗೆ ವಾಪಸ್ ಬಂದವಳೇ ಅಭ್ಯಾಸಬಲದಿಂದ ಪಕ್ಕದ ಬಾಗಿಲಿಗೆ ಹೋದೆ. ಬೀಗ ಹಾಕಿತ್ತು. ಆಪಾ ತೀರಿಕೊಂಡು ಎರಡು ವರ್ಷವಾಯಿತು. ಆದರೂ ಬಾಗಿಲ ಹತ್ತಿರ ನಿಂತು ಹೇಳಿದೆ, "ಈ ಸಲ ಸುಳ್ಳು ಹೇಳ್ನಿಲ್ಲ ಆಪಾ."