ರಾಕೆಟ್ಟಿನ ಪಂಪು, ಶಿರಾಳಕೊಪ್ಪದ ಮೆಕ್ಯಾನಿಕ್ಕು

ಅವರ ಬಲಗಿವಿಯ ಹಾಲೆ ಸದಾ ಗ್ರೀಸಿನಿಂದ ಕಪ್ಪಗಿರುತ್ತಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಪಂಪಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು, ಕಣ್ಣು ಮುಚ್ಚಿ ಕೇಳುವುದು ಊರಿನ ಹುಡುಗರೆಲ್ಲ ಮಾಮ ಎನ್ನುತ್ತಿದ್ದ ಶಿರಾಳಕೊಪ್ಪದ ನಮ್ಮ ಪಂಪ್ ಮೆಕ್ಯಾನಿಕ್ಕರ ಪದ್ಧತಿ. ಆಗ ಯಾರಾದರೂ ಕೆಮ್ಮಿದರೆ ಮುಗಿಯಿತು. "ನೀವೇ ರಿಪೇರಿ ಮಾಡ್ಕೊಳ್ರೀ!" ಎಂದು ಎದ್ದೇಬಿಡುವರು.

ನಾನೂ ಪಂಪಿನವಳೇ. ಭಾರೀ ರಾಕೆಟ್ಟಿನ ಎಂಜಿನ್ನಿಗೆ ಇಂಧನ ನೂಕುವ ಪಂಪು ರೂಪಿಸುವುದು ನನ್ನ ಕೆಲಸ. ಅದನ್ನು ವಿವರಿಸಿದಾಗ ಅವರು ಕೇಳಿದ ಮೊದಲ ಪ್ರಶ್ನೆ, "ಎಷ್ಟು ಹೊತ್ತು ಓಡ್ತೈತೆ?"

"ಮೂರು ನಿಮಿಷ, ಮಾಮ."

"ಅಯ್ಯೋ ನಿನ್ನ! ನಮ್ಮ ತ್ರೀ ಫೇಸ್ ಕರೆಂಟೇ ಅದಕ್ಕಿಂತ ಜಾಸ್ತಿ ಹೊತ್ತು ಇರ್ತೈತಲ್ಲ ತಂಗಿ!"

ಒಂದು ವರ್ಷ ಮಾತ್ರ ನನಗೆ ನಗುವ ಸ್ಥಿತಿಯಿರಲಿಲ್ಲ. ನೀರು ಹಾಯಿಸಿ ಪರೀಕ್ಷಿಸಿದಾಗ ಪಂಪು ಎರಡು ಸಲವೂ ಅದುರಿ ಗದ್ದಲ ಎಬ್ಬಿಸಿತ್ತು. ಒಳಗಿನ ಚಕ್ರದ್ದೇ ದೋಷವೆಂದು ಎಲ್ಲರೂ ತೀರ್ಮಾನಿಸಿದ್ದರು. ಆ ಚಕ್ರ ನಾನು ನಾಲ್ಕು ವರ್ಷ ಕೂತು ರೂಪಿಸಿದ್ದು. ಮೂರನೇ ಪರೀಕ್ಷೆಯೂ ಕೆಟ್ಟರೆ ಅದು ಗುಜರಿಗೆ. ಎರಡು ದಿನ ರಜೆ ಹಾಕಿ ಊರಿಗೆ ಬಂದವಳು ಮುಖ ಊದಿಸಿಕೊಂಡು ಬಸ್ ಸ್ಟ್ಯಾಂಡ್ ಎದುರಿನ ಅವರ ಅಂಗಡಿಯಲ್ಲಿ ಕೂತೆ.

ನಡೆದದ್ದನ್ನೆಲ್ಲ ಕೇಳಿಸಿಕೊಂಡು ಮಾಮ ಅಂದರು, "ಹೆಂಗೆ ಸದ್ದು ಮಾಡ್ತು?"

ಪರೀಕ್ಷೆಯ ಜಾಗಕ್ಕೆ ಮೊಬೈಲು ಒಯ್ಯುವಂತಿಲ್ಲ, ರೆಕಾರ್ಡಿಂಗ್ ಇರಲಿಲ್ಲ. ಬಾಯಲ್ಲೇ ಮಾಡಿ ತೋರಿಸಿದೆ. "ಗರ್ರ್... ಕಟಕಟ... ಗರ್ರ್..."

"ಜೋರಾಗಿ ಮಾಡು ತಂಗಿ, ನಾಚ್ಕೋಬ್ಯಾಡ."

ಮಾಡಿದೆ. ಸೊರಬದ ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಕುಪ್ಪಗಡ್ಡೆಯ ರೈತರೊಬ್ಬರು, "ಏನ್ರೀ, ಈ ಹುಡುಗಿಗೆ ಹುಷಾರಿಲ್ವಾ?" ಎಂದು ಮರುಗಿದರು. ಮಾಮ ಮುಚ್ಚಿದ ಕಣ್ಣು ತೆರೆಯಲೇ ಇಲ್ಲ.

"ಕಟಕಟ ಒಂದೇ ಸಮ ಬರ್ತೈತೋ, ಬಿಟ್ಟು ಬಿಟ್ಟೋ?"

"ಬಿಟ್ಟು ಬಿಟ್ಟು."

"ಚಕ್ರ ಚೆನ್ನಾಗೈತೆ. ನೀರೆಳೆಯೋ ಪೈಪು ಎಲ್ಲೋ ಗಾಳಿ ಕುಡೀತೈತೆ. ಜಾಯಿಂಟು ನೋಡು. ಸಿಗ್ಲಿಲ್ಲ ಅಂದ್ರೆ ಎರಡು ಕೊಡ ಸಗಣಿ ನೀರು ಹುಯ್ಯಿ, ಸಂದು ತಾನೇ ಮುಚ್ಕೊಳ್ತೈತೆ. ಬಳ್ಳಿಗಾವಿ ಕಡೆ ಪಂಪೆಲ್ಲ ಹಂಗೇ ಓಡ್ತಿರೋದು."

ರಾಕೆಟ್ಟಿನ ಪಂಪಿಗೆ ಸಗಣಿ! ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಆದರೂ ಕೆಲಸಕ್ಕೆ ಮರಳಿದೊಡನೆ ಜಾಯಿಂಟು ಬಿಚ್ಚಿಸಿದೆ. ಒಳಗಿನ ವಾಷರು ಒಂದು ಕಡೆ ಮಡಚಿಕೊಂಡಿತ್ತು. ಬದಲಿಸಿದೆವು. ಮೂರನೇ ಪರೀಕ್ಷೆಯಲ್ಲಿ ಪಂಪು ಪೂರ್ತಿ ಹೊತ್ತು ಅದುರದೆ ಓಡಿತು.

ನಮ್ಮ ಸಂಸ್ಥೆಯ ನಿರ್ದೇಶಕರು ಕೈ ಕುಲುಕಿ, "ಹೇಗೆ ಹೊಳೆಯಿತು?" ಎಂದರು. ಸುತ್ತ ದೊಡ್ಡ ದೊಡ್ಡವರು ನಿಂತಿದ್ದರು. ಬೀದಿಯಲ್ಲಿ ಗರ್ರ್ ಅಂದ ಕಥೆ ಹೇಳಲು ನಾಚಿಕೆಯಾಯಿತು. "ಲೆಕ್ಕ ಹಾಕಿದೆ ಸರ್" ಎಂದುಬಿಟ್ಟೆ.

ಫೋನಿನಲ್ಲಿ ಸುದ್ದಿ ತಿಳಿಸಿದಾಗ ಮಾಮ ಕೇಳಿದ್ದು ಒಂದೇ. "ನನ್ನ ಹೆಸರು ಹೇಳಿದ್ಯಾ?"

"ಹೇಳಿದೆ ಮಾಮ" ಅಂದೆ. ಆ ಖುಷಿಗೆ ಅಂಗಡಿಗೆ ಬಂದವರಿಗೆಲ್ಲ ಚಹಾ ಕುಡಿಸಿದರಂತೆ.

ಹೋದ ವರ್ಷ ಅವರು ತೀರಿಕೊಂಡರು. ಮಣ್ಣಿಗೆ ಹೋದಾಗ ಅವರ ಹೆಂಡತಿ ಅಳುತ್ತಲೇ ನನ್ನ ಕೈ ಹಿಡಿದು ಬಂದವರಿಗೆಲ್ಲ ತೋರಿಸಿದರು. "ರಾಕೆಟ್ ಆಫೀಸ್ನಾಗೆ ಇವರ ಹೆಸರು ಹೇಳಿದ ಹುಡುಗಿ ಇವಳೇ ನೋಡ್ರೀ."