ದೊಡ್ಡಗಾಜನೂರಿನಲ್ಲಿ ನನ್ನ ಪಾಲಿನ ಸೊಲ್ಲು

ಪದದ ನಡುವೆ ಎಲ್ಲರೂ ಬಾಯಿ ಮುಚ್ಚಿದರು. ತಾಳ ಮಾತ್ರ ನಿಲ್ಲಲಿಲ್ಲ. ಮರೆತರೇನೋ ಅಂದುಕೊಂಡು ನಾನೊಬ್ಬಳೇ ಮುಂದಿನ ನುಡಿ ಎತ್ತಿದೆ, ಅದೂ ಗಟ್ಟಿಯಾಗಿ. ದೊಡ್ಡಗಾಜನೂರಿನ ಶಿವನ ಗುಡಿಯ ಜಗಲಿಯಲ್ಲಿ ಅದು ನನ್ನ ಮೊದಲ ಸೋಮವಾರ. ಕಣ್ಣು ತೆರೆದರೆ, ಅಡುಗೆಮನೆಗೆ ಎಮ್ಮೆ ನುಗ್ಗಿದಾಗ ನೋಡುವಂತೆ ಹೆಂಗಸರೆಲ್ಲ ನನ್ನನ್ನೇ ನೋಡುತ್ತಿದ್ದರು.

ನಮ್ಮ ಗದಗಿನ ಕಡೆ ಪದ ಅಂದರೆ ಎಲ್ಲರದು, ನಮ್ಮ ಓಣಿಯವರೇ ಆದ ನಿಮಗೆ ಗೊತ್ತಲ್ಲ. ಒಬ್ಬರು ಎತ್ತಿದರೆ ಓಣಿಯೇ ಕೂಡುತ್ತದೆ. ದನಿ ದೊಡ್ಡದಿದ್ದವರದೇ ಮೇಲುಗೈ. ಅಜ್ಜಿ ರೊಟ್ಟಿ ಬಡಿಯುತ್ತ ಇದೇ ಪದವನ್ನು ನನಗೆ ಬಾಯಿಪಾಠ ಮಾಡಿಸಿದ್ದಳು. ಗಂಡನಿಗೆ ಕೋಸಿನ ಲಾರಿ ಓಡಿಸುವ ಕೆಲಸ ಸಿಕ್ಕಿ ತಮಿಳುನಾಡಿಗೆ ಸೇರಿದ ಈ ಬೆಟ್ಟಕ್ಕೆ ಬಂದಾಗ ತಮಿಳು ಬೋರ್ಡಿನ ಬಸ್ಸು, ಈ ಚಳಿ, ಇವರು ಹಿಟ್ಟು ಅನ್ನುವ ರಾಗಿಮುದ್ದೆ, ಎಲ್ಲ ಹೊಸದು. ಪದವೊಂದೇ ಪರಿಚಯದ್ದು. ತವರಿನವರು ಸಿಕ್ಕಂತಾಗಿ ಬಾಯಿಬಿಟ್ಟಿದ್ದೆ.

ಮನೆಗೆ ಹೋಗುವ ದಾರಿಯಲ್ಲಿ ಪಕ್ಕದ ಮನೆಯ ಸಿದ್ದಮ್ಮನವರು ಬಿಡಿಸಿ ಹೇಳಿದರು. ನಾವು ನುಡಿ ಅನ್ನುವುದು ಇಲ್ಲಿ ಸೊಲ್ಲು. ಪಲ್ಲವಿ ಎಲ್ಲರದು, ಸೊಲ್ಲು ಮಾತ್ರ ಮನೆಗೊಂದು. ಹೊಲ ಇರುವವರ ಮನೆಗೂ ಉಂಟು, ಕೂಲಿಯವರ ಮನೆಗೂ ಉಂಟು. ಆ ಮನೆಯವರು ಬಾರದಿದ್ದರೆ ಬೇರೆಯವರು ಹಾಡುವಂತಿಲ್ಲ. ತಾಳ ಹಾಕುತ್ತ ಆ ಜಾಗವನ್ನು ಖಾಲಿಯೇ ದಾಟಿಸುತ್ತಾರೆ.

“ಅದು ಮಾದಮ್ಮನ ಮನೆ ಸೊಲ್ಲು ಕಣವ್ವ. ಅವ್ಳು ಮಗ್ಳ ಜೊತೆ ಸತ್ಯಮಂಗಲಕ್ಕೋದ್ಮೇಲೆ ಬರೀ ತಾಳನೇಯ.”

“ಅವರ ಮನಿ ಯಾವುದ್ರೀ?”

“ನೀನಿರೋದೆಲ್ಲಿ? ಅದೇಯ. ಮನೆ ಬಾಡ್ಗೆಗೆ ಸಿಕ್ಬುಟ್ರೆ ಸೊಲ್ಲೂ ಸಿಕ್ಬುಡ್ತದಾ?”

ಮುಂದಿನ ಸೋಮವಾರಗಳಲ್ಲಿ ಆ ಖಾಲಿ ಜಾಗ ಬಂದಾಗಲೆಲ್ಲ ನಾಲಿಗೆ ಕಚ್ಚಿ ಹಿಡಿದೆ. ಆ ಮನೆಯ ಒಲೆ ಹಚ್ಚುವವಳು ನಾನು, ಅಂಗಳ ಸಾರಿಸುವವಳು ನಾನು. ಗುಡಿಯಲ್ಲಿ ಮಾತ್ರ ಆ ಮನೆಗೆ ಬೀಗ. ಆ ಸೊಲ್ಲು ಸಿಗುವ ತನಕ ನಾನು ಈ ಊರಿಗೆ ಬಂದವಳೇ ಹೊರತು ಈ ಊರಿನವಳಲ್ಲ. ಪಡೆದೇ ತೀರಬೇಕೆಂದು ಒಂದು ದಿನ ಬುತ್ತಿ ಕಟ್ಟಿಕೊಂಡು ದಿಂಬಂ ಘಟ್ಟ ಇಳಿದು ಸತ್ಯಮಂಗಲಕ್ಕೆ ಹೋಗುವ ಬಸ್ಸು ಹತ್ತಿದೆ. ತಿರುವಿಗೊಮ್ಮೆ ಮುಂದಿನ ಸೀಟಿನ ಕಂಬಿ ಹಿಡಿದೆ.

ಮಾದಮ್ಮನವರು ಮಗಳ ಮನೆಯಲ್ಲಿ ಮಲ್ಲಿಗೆ ಕಟ್ಟುತ್ತಿದ್ದರು. ಬಂದ ಕಾರಣ ಕೇಳಿ, “ಎಲ್ಲಿ, ಏಳು ನೋಡುವಾ,” ಅಂದರು; ಹಾಡು ಅನ್ನುವುದಕ್ಕೆ ಇವರು ಹೇಳು ಅನ್ನುತ್ತಾರೆ, ಅದೂ ಹಕಾರ ನುಂಗಿ. ಅಜ್ಜಿ ಕಲಿಸಿದಂತೆ ಹಾಡಿದೆ: ಜೋಳದ ರೊಟ್ಟಿ ತಂದೀನಿ ಶಿವನೆ, ಉಣ್ಣಾಕ ಬಾರೋ.

ಅವರ ಕೈಯ ಹೂ ನಿಂತಿತು. “ನಮ್ ಸಿವ ರೊಟ್ಟಿ ಎಲ್ಲಿ ಕಂಡನವ್ವ? ಅವ್ನ್ಗೆ ರಾಗಿ ಇಟ್ಟು.”

“ರೊಟ್ಟಿ ಬಿಟ್ರ ನಮ್ಮಜ್ಜಿ ಸಿಟ್ಟಾಗ್ತಾಳ್ರೀ.”

“ಅದ್ನ ನಿಮ್ಮೂರ್ಗೆ ಮಡೀಕೊ. ನಮ್ಮನೇಲಿದ್ದು ನಮ್ ಸೊಲ್ಲು ಏಳದಾದ್ರೆ ಇಟ್ಟು ಅನ್ನು.”

ಮಡಿಲಿನ ಹೂ ಮುಗಿಯುವ ತನಕ ಹೇಳಿಸಿದರು. ನನ್ನ ನಾಲಿಗೆ ರೊಟ್ಟಿಯ ಕಡೆಗೇ ಓಡುತ್ತಿತ್ತು. ಹಗ್ಗ ಹರಿದ ಕರುವನ್ನು ಎಳೆತಂದಂತೆ ಎಳೆತಂದೆ. ಹೊರಡುವಾಗ ಹೂ ಮುಡಿಸಿ, “ಅಲ್ಲಿ ದೀಪ ಅಚ್ಚೋಳು ನೀನು, ನೀನೇ ಏಳು. ನಾ ಬಂದ್ ದಿನ ನಂಗ್ ಬುಟ್ಕೊಡು,” ಅಂದರು.

ಮುಂದಿನ ಸೋಮವಾರ ಪಲ್ಲವಿ ಮುಗಿಯಿತು, ಎಲ್ಲರೂ ಬಾಯಿ ಮುಚ್ಚಿದರು. ನಾನು ಹಾಡಿದೆ, ಹಿಟ್ಟು ಅಂತಲೇ ಹಾಡಿದೆ. ಯಾರೂ ತಿರುಗಿ ನೋಡಲಿಲ್ಲ. ಪಲ್ಲವಿ ದಾಟಿದ್ದೇ ಸಿದ್ದಮ್ಮನವರು ತಮ್ಮ ಮನೆಯ ಸೊಲ್ಲು ಎತ್ತಿಕೊಂಡರು. ಯಾರೂ ನೋಡದೆ ಹೋದದ್ದಕ್ಕೆ ಅಷ್ಟು ಖುಷಿ ನನಗೆ ಹಿಂದೆಂದೂ ಆಗಿರಲಿಲ್ಲ.

ಕಳೆದ ಸಲ ಗದಗಿಗೆ ಬಂದಾಗ ಓಣಿಯ ಕಟ್ಟೆಯಲ್ಲಿ ನೀವು ಇದೇ ಪದ ಎತ್ತಿದಿರಿ. ಪಲ್ಲವಿಗೆ ದನಿಗೂಡಿಸಿದೆ; ನುಡಿಗಳು ಬಂದಾಗ, ಬೇರೆಯವರ ಮನೆಯವು ಅನ್ನಿಸಿ, ತಾಳ ಹಾಕುತ್ತ ಕೂತೆ. ಅವ್ವ ಮೊಣಕೈಯಿಂದ ತಿವಿದಳು: “ಯಾಕವಾ, ಪದಾ ಮರ್ತೇನು?”

ನನ್ನ ಸೊಲ್ಲು ಬಂತು. ದನಿ ಎತ್ತಿದೆ. ಓಣಿಯವರೆಲ್ಲ ಶಿವನಿಗೆ ರೊಟ್ಟಿ ತಂದಿದ್ದರು. ನಾನೊಬ್ಬಳು ಹಿಟ್ಟು ತಂದಿದ್ದೆ.