ಎರಡೇ ಸಲ ಕರೆದ ದನಿ

ದೆವ್ವದ ಕಥೆಗಳನ್ನು ಸಿನಿಮಾ ಮಾಡುವವರ ಮೇಲೆ ನನಗೆ ಮೊದಲಿನಿಂದಲೂ ಒಂದು ದೂರು. ಪುಸ್ತಕದಲ್ಲಿ ಮುಚ್ಚಿಯೇ ಇರುವ ಬಾಗಿಲನ್ನು ಇವರು ತೆರೆದುಬಿಡುತ್ತಾರೆ. ತೆರೆದ ಮೇಲೆ ಅಲ್ಲಿ ಬಿಳಿ ಸೀರೆಯೋ ಬಣ್ಣ ಬಳಿದ ಮುಖವೋ ಇರಲೇಬೇಕು. ಅಲ್ಲಿಗೆ ಹೆದರಿಕೆ ಮುಗಿಯಿತು.

ನನ್ನ ಕೆಲಸ ಭಟ್ಕಳದಲ್ಲಿ, ಮನೆ ಕುಮಟಾದಲ್ಲಿ. ಬಸ್ಸಿನಲ್ಲಿ ಕೂತು ಫೋನಿನಲ್ಲಿ ತುಂಡು ತುಂಡಾಗಿ ಸಿನಿಮಾ ನೋಡುತ್ತೇನೆ. ಕಳೆದ ಮಳೆಗಾಲದಲ್ಲಿ ಹಾಗೆ ನೋಡಿದ್ದು, ಚಿಕ್ಕಂದಿನಿಂದ ನನಗೆ ಪ್ರಾಣವಾಗಿದ್ದ ಒಂದು ಹಳೆಯ ಕಾದಂಬರಿಯ ಸಿನಿಮಾ. ಮಳೆಗಾಲವೋ, ಅದಕ್ಕೆ ಮುಂಚಿನ ಬೇಸಿಗೆಯೋ. ನೆನಪು ಮಳೆಗಾಲ ಎನ್ನುತ್ತಿದೆ. ಅದರ ಮಾತನ್ನು ಎಷ್ಟು ನಂಬಬಹುದೆಂದು ಈಗ ಗೊತ್ತಾಗಿದೆ.

ಆ ಸಿನಿಮಾದಲ್ಲಿ ನಾನು ಕಾಯುತ್ತಿದ್ದ ದೃಶ್ಯವೇ ಇರಲಿಲ್ಲ. ಮುಸ್ಸಂಜೆ. ಹೆಂಗಸೊಬ್ಬಳು ಒಳಗೆ ಅಕ್ಕಿ ಆರಿಸುತ್ತಿದ್ದಾಳೆ. ಹಿತ್ತಲಿನಾಚೆ ದೋಣಿ ಕಟ್ಟುವ ಕಡೆಯಿಂದ ಗಂಡನ ದನಿ ಅವಳ ಹೆಸರು ಹಿಡಿದು ಕರೆಯುತ್ತದೆ. ನಮ್ಮಲ್ಲಿ ಆ ಹೊತ್ತಿಗೆ ಹೊರಗಿನಿಂದ ಯಾರು ಕರೆದರೂ ಮೂರನೆಯ ಸಲಕ್ಕೇ ಓಗೊಡುವುದು. ದೆವ್ವಕ್ಕೆ ಮೂರು ಸಲ ಕರೆಯಲು ಬರುವುದಿಲ್ಲವಂತೆ. ಅವಳು ಕಾಯುತ್ತಾಳೆ. ಇನ್ನೊಮ್ಮೆ ಕರೆಯುತ್ತದೆ. ಮೂರನೆಯ ಸಲ ಇಲ್ಲ. ಅಧ್ಯಾಯ ಅಲ್ಲಿಗೇ ನಿಲ್ಲುತ್ತದೆ.

ಇದನ್ನು ಬಿಟ್ಟ ನಿರ್ದೇಶಕನಿಗೆ ಓದಲೇ ಬರುವುದಿಲ್ಲ ಎಂದು ಜಾಲತಾಣದಲ್ಲಿ ಉದ್ದಕ್ಕೆ ಬರೆದೆ.

ದಿನವೂ ಬಸ್ಸಿನಲ್ಲಿ ಪಕ್ಕ ಕೂರುವ ಸಹೋದ್ಯೋಗಿ ಅದನ್ನು ಓದಿ ನಕ್ಕ. "ಅದು ಘಟ್ಟದ ಮೇಲಿನ ಬಂಗಲೆ ಕಥೆ ಮಾರಾಯಾ. ಅಲ್ಲಿಗೆ ದೋಣಿ ಎಂತ, ಬಸ್ ಹತ್ತಿ ಬಂತಾ?"

ಮರುದಿನ ತನ್ನ ಪ್ರತಿಯನ್ನೇ ತಂದುಕೊಟ್ಟ. ಭಟ್ಕಳದಿಂದ ಹೊನ್ನಾವರದ ತನಕ ಒಂದೊಂದೇ ಪುಟ ಹುಡುಕಿದೆ. ಎಡಗಡೆಯ ಪುಟ, ಕೆಳಗಿನ ಮೂರು ಸಾಲು ಎಂದು ಅಚ್ಚೊತ್ತಿದ ಹಾಗೆ ಕಣ್ಣಿನಲ್ಲಿತ್ತು. ಅಲ್ಲಿ ಕುದುರೆಗಾಡಿಯ ವರ್ಣನೆ ಇತ್ತು. ಹೆಂಗಸಿಲ್ಲ, ಅಕ್ಕಿಯಿಲ್ಲ, ದೋಣಿಯಿಲ್ಲ.

ಆ ಪುಸ್ತಕವನ್ನು ನಾನು ಓದಿಯೇ ಇರಲಿಲ್ಲ ಎಂಬುದು ಆಗ ಹೊಳೆಯಿತು. ಶಾಲೆಯ ರಜೆಯಲ್ಲಿ ಹೊನ್ನಾವರದ ಅತ್ತೆ, ಅಪ್ಪನ ಅಕ್ಕ, ಅದನ್ನು ಓದಿ ಹೇಳಿದ್ದಳು. ಬೆಳಿಗ್ಗೆ ಮೀನು ಮಾರಿ ಬಂದು, ಬಾಡಿಗೆಗೆ ತಂದ ದೆವ್ವದ ಪುಸ್ತಕ ಹಿಡಿದು ಕೂರುವವಳು ಅವಳು. ಕುಮಟಾಕ್ಕೆ ಟಿಕೆಟ್ ತೆಗೆದಿದ್ದರೂ ಹೊನ್ನಾವರದಲ್ಲೇ ಇಳಿದೆ.

ಅತ್ತೆ ಜಗಲಿಯಲ್ಲಿ ಸಿಗಡಿ ಸುಲಿಯುತ್ತಿದ್ದಳು. ಆ ಹೆಂಗಸಿನ ಭಾಗ ಯಾವ ಪುಸ್ತಕದ್ದು ಎಂದು ಕೇಳಿದೆ.

"ಪುಸ್ತಕದ್ದು ಎಂತಕ್ಕೆ ಆಗ್ತದೆ? ಅದು ನಂದು," ಎಂದಳು.

ಅತ್ತೆಯ ಗಂಡ, ನನ್ನ ಮಾವ, ನಾನು ಹುಟ್ಟುವ ಮೊದಲೇ ಹೊಳೆಯಲ್ಲಿ ತೀರಿಕೊಂಡಿದ್ದ ಎಂದಷ್ಟೇ ನಮ್ಮ ಮನೆಯಲ್ಲಿ ಹೇಳುತ್ತಿದ್ದರು. ದನಿ ಕೇಳಿದ ಆ ಮುಸ್ಸಂಜೆಯೇ ದೋಣಿ ಮಗುಚಿದ್ದು, ಹಿತ್ತಲಿನ ಬೇಲಿಯಿಂದ ಹತ್ತೇ ಮಾರು ದೂರದಲ್ಲಿ, ಅವನ ಕಾಲು ಬಲೆಗೆ ಸಿಕ್ಕಿತ್ತು ಎಂದು ಅವಳು ಈಗ ಹೇಳಿದಳು. ಸಿಗಡಿಯ ತಲೆ ಕೀಳುವುದನ್ನು ನಿಲ್ಲಿಸದೆ ಹೇಳಿದಳು. ದನಿ ಕೇಳಿದ್ದನ್ನು ಯಾರ ಎದುರೂ ಬಾಯಿ ಬಿಟ್ಟಿರಲಿಲ್ಲವಂತೆ. ಒಂದೇ ಸಲ, ನನಗೆ, ಪುಸ್ತಕದ ನಡುವೆ ಸೇರಿಸಿ ಓದಿದಂತೆ ಹೇಳಿದ್ದಳು. ಅದನ್ನು ನಾನು ಮೂವತ್ತು ವರ್ಷ, ಇದಕ್ಕಿಂತ ಒಳ್ಳೆಯ ಭಯದ ದೃಶ್ಯ ಕನ್ನಡದಲ್ಲಿ ಇಲ್ಲ ಎಂದು ಕಂಡವರ ಎದುರೆಲ್ಲ ಚಪ್ಪರಿಸಿಕೊಂಡು ಬಂದಿದ್ದೆ. 

"ನೀ ಇಷ್ಟೆಲ್ಲ ಓದಿದವ, ನೋಡಿದವ," ಅತ್ತೆ ನನ್ನ ಮುಖ ನೋಡದೆ ಕೇಳಿದಳು. "ಎರಡು ಸಲ ಕರಿಯೂ ದೆವ್ವ ಎಲ್ಲಾದ್ರೂ ಉಂಟಾ ಮಗಾ? ನಾ ಓದಿದ್ದ್ರಲ್ಲೆಲ್ಲ ಒಂದೇ ಸಲ ಕರೀತದೆ. ಅಷ್ಟೂ ಪುಸ್ತಕ ತಂದು ಓದಿದ್ದು ಅದನ್ನೇ ಹುಡುಕೂಕೆ."

ದೆವ್ವದ ಕಥೆಯ ಹುಚ್ಚು ನನಗೆ ಅತ್ತೆಯಿಂದ ಬಂದದ್ದು ಎಂದು ಹೇಳಿಕೊಳ್ಳುತ್ತಿದ್ದೆ. ಅವಳಿಗೆ ಅಂಥ ಹುಚ್ಚು ಯಾವತ್ತೂ ಇರಲಿಲ್ಲ. ಕರೆದದ್ದು ಗಂಡನಲ್ಲ ಎನ್ನುವ ಒಂದು ಸಾಲು ಎಲ್ಲಾದರೂ ಅಚ್ಚಾಗಿರಬೇಕಿತ್ತು, ಅಷ್ಟೇ.

"ಉಂಟು," ಎಂದೆ.

ಅವಳ ಕೈ ನಿಂತಿತು. "ಯಾವುದ್ರಲ್ಲಿ?"

ಹಳೆಯ ಪುಸ್ತಕ, ಈಗ ಸಿಗುವುದು ಕಷ್ಟ ಎಂದು ಅಲ್ಲೇ ಒಂದು ಹೆಸರು ಕಟ್ಟಿ ಹೇಳಿದೆ. ಅವಳು ಕೈ ತೊಳೆದು ಬಂದು, ಅದನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ನನ್ನಿಂದಲೇ ಬರೆಸಿಕೊಂಡು, ಎರಡು ಸಲ ಓದಿ, "ಆತು," ಎಂದಳು.

ಈಗ ವಾರಕ್ಕೊಮ್ಮೆ ಅವಳ ಫೋನ್ ಬರುತ್ತದೆ. ಪುಸ್ತಕ ಸಿಕ್ಕಿತೇ ಎಂದು ಕೇಳುತ್ತಾಳೆ. ಹುಡುಕುತ್ತಿದ್ದೇನೆ ಎನ್ನುತ್ತೇನೆ.